ಗುಡ್ಡ ಜಾರುವ ಮೊದಲೇ ಕೇಳಬೇಕಾದ ಲೆಕ್ಕ

ಕ್ವಾಲಾಲಂಪುರದ ಸುತ್ತಮುತ್ತ ಗುಡ್ಡದ ಮೇಲೆ ಫ್ಲ್ಯಾಟ್ ಕೊಳ್ಳುವವರ ಮನಸ್ಸಿನಲ್ಲಿ ಒಂದು ನಂಬಿಕೆ ಇರುತ್ತದೆ: ಪ್ಲ್ಯಾನ್ ಮಂಜೂರಾಗಿದೆ ಎಂದಮೇಲೆ ಸರ್ಕಾರದ ಕಡೆಯವರು ಯಾರೋ ಬಂದು ನೋಡಿಯೇ ಇರುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಮಲೇಷ್ಯಾದ ರಸ್ತೆ, ಚರಂಡಿ ಮತ್ತು ಕಟ್ಟಡ ಕಾಯ್ದೆ 1974ರ ಸೆಕ್ಷನ್ 95(2) ಪ್ರಕಾರ, ಕಟ್ಟಡವನ್ನಾಗಲಿ ಜಾಗವನ್ನಾಗಲಿ ಪರೀಕ್ಷಿಸಲೇಬೇಕೆಂಬ ಕಟ್ಟುಪಾಡು ಸ್ಥಳೀಯ ಸಂಸ್ಥೆಗಿಲ್ಲ. ಸಲ್ಲಿಸಿದ ನಕ್ಷೆ, ಪ್ರಮಾಣಪತ್ರಗಳು ನಿಜವೇ ಎಂದು ತಾಳೆ ನೋಡಬೇಕಾಗಿಯೂ ಇಲ್ಲ. ಮಂಜೂರು ಮಾಡಿದಿರಲ್ಲ ಎಂದು ಪರಿಹಾರ ಕೇಳಿ ದಾವೆ ಹೂಡುವಂತೆಯೂ ಇಲ್ಲ.

ಈ ಸೆಕ್ಷನ್ ಬರೀ ಪುಸ್ತಕದ ಬದನೆಕಾಯಿ ಅಲ್ಲ ಎಂಬುದು ಹೈಲ್ಯಾಂಡ್ ಟವರ್ಸ್ ಪ್ರಕರಣದಲ್ಲಿ ಎಲ್ಲರಿಗೂ ಗೊತ್ತಾಯಿತು. 1993ರ ಡಿಸೆಂಬರ್ 11ರಂದು ಸೆಲಂಗೂರಿನ ಉಲು ಕ್ಲಾಂಗ್‌ನಲ್ಲಿ 12 ಮಹಡಿಯ ಮೂರು ಕಟ್ಟಡಗಳ ಪೈಕಿ ಒಂದು ಉರುಳಿ 48 ಜನ ಸತ್ತರು. ಕಟ್ಟಡದ ಕಾಂಕ್ರೀಟು ಕೆಟ್ಟದಾಗಿತ್ತೆಂದು ಅದು ಬೀಳಲಿಲ್ಲ. ಅಡಿಪಾಯದ ಪೈಲುಗಳು ಹಳೆಯ ರೈಲು ಹಳಿಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿ ನೆಲಕ್ಕೆ ಹೊಡೆದಂಥವು. ಮೇಲಿಂದ ಇಳಿಯುವ ಭಾರವನ್ನು ಅವು ಹೊರುತ್ತವೆ. ಪಕ್ಕದಿಂದ ನೂಕಿದರೆ ಬಾಗುತ್ತವೆ. ಹಿಂದಿನ ಇಳಿಜಾರಿನಲ್ಲಿ ಹರಿಯುತ್ತಿದ್ದ ತೊರೆಯನ್ನು ಪೈಪಿನಲ್ಲಿ ತಿರುಗಿಸಿದ್ದರು. ಮಂಜೂರಾದ ನಕ್ಷೆಯಲ್ಲಿದ್ದ ಚರಂಡಿ ವ್ಯವಸ್ಥೆ ಪೂರ್ತಿಯಾಗಿರಲೇ ಇಲ್ಲ, ಆದರೂ ವಾಸಯೋಗ್ಯತಾ ಪತ್ರ ಸಿಕ್ಕಿತ್ತು. ಮೇಲಿನ ಗುಡ್ಡದಲ್ಲಿ ಮರ ಕಡಿದ ಮೇಲೆ ಕೆಳಗಿಳಿಯುವ ನೀರು ಹೆಚ್ಚಾಯಿತು. ದಿನಗಟ್ಟಲೆ ಮಳೆ ಹೊಯ್ದಾಗ ತಡೆಗೋಡೆ ಒಡೆದು, ಒಂದರ ಹಿಂದೆ ಒಂದು ತುಂಡಾಗಿ ಜಾರಿದ ಮಣ್ಣು ಪೈಲುಗಳನ್ನೇ ಮುಂದಕ್ಕೆ ತಳ್ಳಿತು.

2000ದಲ್ಲಿ ಹೈಕೋರ್ಟು ತಪ್ಪಿನ ಪಾಲು ಹಂಚಿದ್ದು ಗಮನಿಸುವಂಥದ್ದು. ಕಟ್ಟಿಸಿದ ಬಿಲ್ಡರ್‌ಗೆ ಶೇ 15, ಪುರಸಭೆಗೆ ಶೇ 15. ಎಲ್ಲಕ್ಕಿಂತ ದೊಡ್ಡ ಪಾಲು, ಶೇ 30, ಮೇಲಿನ ಜಮೀನಿನ ಒಡೆತನವಿದ್ದ ಹಣಕಾಸು ಸಂಸ್ಥೆಗೆ. 2006ರಲ್ಲಿ ಫೆಡರಲ್ ಕೋರ್ಟು ಪುರಸಭೆಯನ್ನು ಹೊಣೆಯಿಂದ ಪೂರ್ತಿ ಬಿಡಿಸಿತು.

ಮುಂದೆ 2007ರ ಏಪ್ರಿಲ್‌ನಲ್ಲಿ ವಾಸಯೋಗ್ಯತಾ ಪತ್ರವನ್ನು ಪುರಸಭೆ ಕೊಡುವ ಪದ್ಧತಿಯೇ ಹೋಯಿತು. ಈಗ ಕೆಲಸ ನಿಯಮದಂತೆ ಮುಗಿದಿದೆ ಎನ್ನುವ ‘ಸಿಸಿಸಿ’ ಎಂಬ ಪತ್ರಕ್ಕೆ ಯೋಜನೆಯ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಸಹಿ ಹಾಕುತ್ತಾರೆ. ಅದರ ಹಿಂದೆ ಮಣ್ಣುಕೆಲಸ, ಪೈಲಿಂಗ್, ಚರಂಡಿ ಎಂದು ಹಂತಹಂತಕ್ಕೆ ಜಿ1ರಿಂದ ಜಿ21ರವರೆಗೆ 21 ನಮೂನೆಗಳಿವೆ. ಒಂದು ರೀತಿಯಲ್ಲಿ ಇದು ಒಳ್ಳೆಯದೇ, ಯಾವ ಕೆಲಸಕ್ಕೆ ಯಾರು ಹೊಣೆ ಎಂದು ಹೆಸರು ಹಿಡಿದು ಹೇಳಬಹುದು. ಆದರೆ ಸಹಿ ಹಾಕುವವರ ಸಂಬಳ ಬಿಲ್ಡರ್ ಕೈಯಲ್ಲಿದೆ ಎಂಬುದನ್ನು ಮರೆಯಬಾರದು.

ಹೀಗಾಗಿ ಕುಸಿದ ಮೇಲೆ ಸ್ಥಳೀಯ ಸಂಸ್ಥೆಯನ್ನು ಹಿಡಿದು ಕೇಳುವ ದಾರಿ ಬಹಳ ಇಕ್ಕಟ್ಟು. ಕಟ್ಟುವ ಮೊದಲು ಕೇಳುವ ದಾರಿ ಮಾತ್ರ ತಕ್ಕಮಟ್ಟಿಗೆ ತೆರೆದಿದೆ. ಜನ ಹೆಚ್ಚಾಗಿ ಬಳಸದಿರುವುದು ಅದನ್ನೇ.

ಕ್ವಾಲಾಲಂಪುರದ ತಾಮನ್ ತುನ್ ಡಾ. ಇಸ್ಮಾಯಿಲ್ ಬಡಾವಣೆಯ ರಿಂಬಾ ಕಿಯಾರಾ ಪಾರ್ಕನ್ನೇ ನೋಡಿ. ನಗರ ಹೇಗೆ ಬೆಳೆಯಬೇಕೆಂದು ಹೇಳುವ ರಚನಾ ಯೋಜನೆಯಲ್ಲಿ ಅದು ಸಾರ್ವಜನಿಕ ಬಯಲು. ಅಲ್ಲಿ ಎಂಟು ಬ್ಲಾಕು ಸರ್ವಿಸ್ ಅಪಾರ್ಟ್‌ಮೆಂಟ್ ಕಟ್ಟಲು 2017ರ ಜುಲೈನಲ್ಲಿ ಅನುಮತಿ ಸಿಕ್ಕಿತು. ಜೊತೆಗೆ ಹಳೆಯ ತೋಟಕಾರ್ಮಿಕರ ಕುಟುಂಬಗಳಿಗೆಂದು ಕಡಿಮೆ ಬೆಲೆಯ ಮನೆಗಳ ಇನ್ನೊಂದು ಬ್ಲಾಕು. ಸಾಲುಮನೆಗಳಲ್ಲಿ ದಶಕಗಟ್ಟಲೆ ಕಾದಿರುವ ಆ ಕುಟುಂಬಗಳ ಹಕ್ಕು ನ್ಯಾಯವಾದದ್ದೇ. ಅವರ ಹೆಸರಿನಲ್ಲಿ ಪಾರ್ಕು ಮಾರುವುದು ಬೇರೆ ಮಾತು. ನಿವಾಸಿಗಳು ಕೋರ್ಟಿಗೆ ಹೋದರು, ಹೈಕೋರ್ಟಿನಲ್ಲಿ ಸೋತರು, 2021ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು, 2023ರ ಏಪ್ರಿಲ್ 18ರಂದು ಫೆಡರಲ್ ಕೋರ್ಟು ಅನುಮತಿ ರದ್ದಾದದ್ದನ್ನು ಎತ್ತಿಹಿಡಿಯಿತು. ರಚನಾ ಯೋಜನೆಯನ್ನು ಬಿಟ್ಟು ನಡೆಯುವ ಅಧಿಕಾರಿ ಕಾರಣ ಕೊಡಬೇಕು ಎಂದಿತು. ಅಪಾರ್ಟ್‌ಮೆಂಟ್ ಕಟ್ಟುವುದರಲ್ಲಿ ಪಾಲುದಾರನಾಗಿದ್ದ ಪ್ರತಿಷ್ಠಾನದ ಮಂಡಳಿಯಲ್ಲಿ, ಅನುಮತಿ ಕೊಟ್ಟ ಮೇಯರೇ ಇದ್ದದ್ದು ಹಿತಾಸಕ್ತಿಯ ಘರ್ಷಣೆ ಎಂದೂ ಹೇಳಿತು.

ಇಂಥ ರಿಟ್ ಅರ್ಜಿಗೆ ಇರುವ ಗಡುವು ಮೂರು ತಿಂಗಳು, ಆದೇಶ ತಿಳಿದ ದಿನದಿಂದ. ಸೈಟಿಗೆ ಜೆಸಿಬಿ ಬಂದ ಮೇಲೆ ನಿವಾಸಿಗಳ ಸಭೆ ಕರೆದು, ವಕೀಲರನ್ನು ಹುಡುಕುವಷ್ಟರಲ್ಲಿ ಅದು ಮುಗಿದುಹೋಗುತ್ತದೆ.

ಕ್ವಾಲಾಲಂಪುರಕ್ಕೆ ಬೇರೆಯದೇ ಕಾಯ್ದೆ. ಸೆಲಂಗೂರು, ಪೆನಾಂಗಿನಂಥ ರಾಜ್ಯಗಳಲ್ಲಿ ಅನ್ವಯಿಸುವುದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1976. ಅದರ ಸೆಕ್ಷನ್ 21(6)ರಲ್ಲಿ ಒಂದು ತೊಡಕಿದೆ. ಯಾವ ಜಾಗ ಯಾವ ಬಳಕೆಗೆ ಎಂದು ವಿವರವಾಗಿ ಹೇಳುವ ‘ಸ್ಥಳೀಯ ಯೋಜನೆ’ ಆ ಪ್ರದೇಶಕ್ಕೆ ಇನ್ನೂ ಇಲ್ಲದಿದ್ದರೆ ಮಾತ್ರ ಅಕ್ಕಪಕ್ಕದ ಜಮೀನುದಾರರಿಗೆ ನೋಟಿಸು ಕೊಡಬೇಕು. ತಕರಾರಿಗೆ 21 ದಿನ. ಸ್ಥಳೀಯ ಯೋಜನೆ ಬಂದಿದ್ದರೆ ಆ ನೋಟಿಸೂ ಕಡ್ಡಾಯವಲ್ಲ. ಅಂದರೆ ತಕರಾರಿನ ನಿಜವಾದ ಸಮಯ, ಆ ಯೋಜನೆಯ ಕರಡು ಜನರ ಮುಂದೆ ಪ್ರದರ್ಶನಕ್ಕಿರುವ ಕನಿಷ್ಠ ನಾಲ್ಕು ವಾರ. ಇನ್ನು ‘ಅಕ್ಕಪಕ್ಕ’ ಎಂದರೆ ಮುಖ್ಯವಾಗಿ ಗಡಿ ಹಂಚಿಕೊಂಡ ಜಮೀನು, ಇಲ್ಲವೇ ನಡುವೆ 20 ಮೀಟರ್‌ಗಿಂತ ಹೆಚ್ಚು ಅಗಲವಿಲ್ಲದ ರಸ್ತೆಯೋ ಚರಂಡಿಯೋ ಇರುವುದು. ಗುಡ್ಡದ ಬುಡದಲ್ಲಿ, ಎರಡು ರಸ್ತೆ ಕೆಳಗಿರುವವರು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ನೆರೆಯವರೇ ಅಲ್ಲ. ನೀರು ಮಾತ್ರ ಸರ್ವೆ ನಂಬರ್ ನೋಡಿಕೊಂಡು ಇಳಿಯುವುದಿಲ್ಲ.

ಮಣ್ಣು, ಇಳಿಜಾರು ಪರೀಕ್ಷಿಸಿ ಎಂಜಿನಿಯರ್ ಬರೆದ ಭೂತಾಂತ್ರಿಕ ವರದಿ ಕೈಗೆ ಸಿಕ್ಕರೆ ಮೊದಲು ಇಳಿಜಾರಿನ ನಕ್ಷೆ ತೆಗೆಯಿರಿ. ಮಲೇಷ್ಯಾದಲ್ಲಿ ನಾಲ್ಕು ವರ್ಗ: 15 ಡಿಗ್ರಿಗಿಂತ ಕಡಿಮೆ, 15ರಿಂದ 25, 25ರಿಂದ 35, ಅದಕ್ಕೂ ಮೇಲೆ. ಅಳತೆ ಮೂಲ ನೆಲದ್ದೇ ಆಗಿರಬೇಕು. ಗುಡ್ಡ ಸಮ ಮಾಡಿದ ಮೇಲಿನ ಅಳತೆ ಕೊಟ್ಟರೆ, ಅಥವಾ ಇಡೀ ಜಮೀನಿನ ಸರಾಸರಿ ತೋರಿಸಿದರೆ, ಮೂರನೇ ವರ್ಗದ ಇಳಿಜಾರು ಎರಡನೆಯದಾಗಿ ಕಾಣುತ್ತದೆ. ಪೆನಾಂಗಿನಲ್ಲಿ ಸಮುದ್ರಮಟ್ಟದಿಂದ 76 ಮೀಟರ್ ಮೇಲಿನ ಅಥವಾ 25 ಡಿಗ್ರಿ ಮೀರಿದ ಜಾಗದಲ್ಲಿ ಕಟ್ಟಡಕ್ಕೆ ನಿರ್ಬಂಧವಿದೆ, ಆದರೆ ‘ವಿಶೇಷ ಯೋಜನೆ’ ಎಂಬ ಕಿಂಡಿಯೂ ಇದೆ. ಆ ಎರಡು ಪದ ಕಂಡಲ್ಲೆಲ್ಲ ಕಾರಣ ಕೇಳಿ.

ಲೋಕೋಪಯೋಗಿ ಇಲಾಖೆಯ ರೂಢಿಯಂತೆ ಇಳಿಜಾರನ್ನು 6 ಮೀಟರ್ ಎತ್ತರಕ್ಕೊಂದು ಮೆಟ್ಟಿಲು ಮಾಡಿ ಕಡಿಯುತ್ತಾರೆ. ಪ್ರತಿ ಮೆಟ್ಟಿಲಿನ ಸಮತಟ್ಟು ಕನಿಷ್ಠ 2 ಮೀಟರ್, ಅದರ ಒಳಬದಿಗೆ ಮೋರಿ. ಮಣ್ಣು ತುಂಬಿದ ಇಳಿಜಾರು ಕಡಿದದ್ದಕ್ಕಿಂತ ನಿಧಾನವಾಗಿ ಇಳಿಯುವಂತಿರಬೇಕು. ಸುರಕ್ಷತಾ ಗುಣಾಂಕ, ಅಂದರೆ ಮಣ್ಣನ್ನು ಹಿಡಿದಿಡುವ ಬಲ ಜಾರಿಸುವ ಬಲದ ಎಷ್ಟು ಪಟ್ಟು ಎಂಬ ಲೆಕ್ಕ, 1.3 ಅಥವಾ 1.5 ಎಂದು ಬರೆದಿದ್ದರೆ ಅಲ್ಲಿಗೇ ಸಮಾಧಾನ ಬೇಡ. ನೆಲದೊಳಗಿನ ನೀರಿನ ಮಟ್ಟ ಎಷ್ಟೆಂದು ಹಿಡಿದು ಆ ಲೆಕ್ಕ ಮಾಡಿದ್ದಾರೆ ನೋಡಿ. ಇಲ್ಲಿನ ಗ್ರಾನೈಟಿನ ಮೇಲೆ ಶಿಥಿಲವಾದ ಮಣ್ಣು ಹತ್ತಾರು ಮೀಟರ್ ದಪ್ಪ. ಒಣಗಿದ್ದಾಗ ಗಟ್ಟಿ, ನೆನೆದಾಗ ಅದರ ಬಿಗಿಯೇ ಹೋಗುತ್ತದೆ. ಬೇಸಗೆಯಲ್ಲಿ ಕೊರೆದ ಬೋರಿನ ನೀರಿನ ಮಟ್ಟವನ್ನು ನವೆಂಬರಿನ ಮಳೆಗೂ ಅನ್ವಯಿಸಿದ್ದರೆ ಆ 1.5 ಕಾಗದದ ಮೇಲಿನ 1.5.

ಈಗಾಗಲೇ ಗುಡ್ಡದ ಮೇಲೆ ವಾಸವಿರುವವರು ಏಪ್ರಿಲ್‌ಗೂ ಅಕ್ಟೋಬರ್‌ಗೂ ಮೊದಲು, ಮಳೆ ಜೋರಾಗುವ ಮುನ್ನ, ಒಂದು ಸುತ್ತು ಹಾಕಬೇಕು. ಮೋರಿಯಲ್ಲಿ ಕಸಕ್ಕಿಂತ ಅಪಾಯ ತಳದ ಬಿರುಕು: ನೀರು ಹೊರಗೆ ಹೋಗದೆ ಇಳಿಜಾರಿನೊಳಕ್ಕೇ ಇಳಿಯುತ್ತದೆ. ತಡೆಗೋಡೆಯ ಬಸಿತೂತುಗಳು ಮಳೆ ನಿಂತ ಮೇಲೂ ಒಣಗಿದ್ದರೆ ಕಟ್ಟಿಕೊಂಡಿರಬಹುದು. ತಿಳಿನೀರು ಬಂದರೆ ಸರಿ, ಕೆಸರು ಬಂದರೆ ಒಳಗಿನ ಮಣ್ಣು ಹೋಗುತ್ತಿದೆ. ಇಳಿಜಾರಿನ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಎರಡೂ ಬದಿ ಮೊಳೆ ಹೊಡೆದು, ನಡುವಿನ ಅಂತರವನ್ನು ತಾರೀಖಿನೊಂದಿಗೆ ಬರೆದಿಡಿ. ಅಂತರ ಬೆಳೆಯುತ್ತಿದ್ದರೆ ಸಿಮೆಂಟು ಮೆತ್ತಿ ಮುಚ್ಚುವ ಕೆಲಸಕ್ಕೆ ಹೋಗದೆ ಎಂಜಿನಿಯರ್ ಕರೆಸಿ. ಅಷ್ಟರತನಕ ಪ್ಲಾಸ್ಟಿಕ್ ಹೊದಿಸಿ ಮಳೆನೀರು ಒಳಗಿಳಿಯದಂತೆ ನೋಡಿಕೊಳ್ಳಿ. ಖರ್ಚಿಗೆ, ಫ್ಲ್ಯಾಟ್ ಸಮುಚ್ಚಯಗಳಿಗೆ ಅನ್ವಯಿಸುವ ಸ್ಟ್ರಾಟಾ ನಿರ್ವಹಣಾ ಕಾಯ್ದೆ 2013ರಂತೆ, ಸಾಮಾನ್ಯವಾಗಿ ನಿರ್ವಹಣಾ ಶುಲ್ಕದ ಶೇ 10ರಷ್ಟು ಸಿಂಕಿಂಗ್ ಫಂಡ್, ಅಂದರೆ ದೊಡ್ಡ ರಿಪೇರಿಗೆಂದು ಕೂಡಿಡುವ ಹಣ, ಇರುತ್ತದೆ. ಲಿಫ್ಟು, ಬಣ್ಣಕ್ಕೆಲ್ಲ ಅದು ಕರಗುವ ಮೊದಲು ಇಳಿಜಾರಿಗೆ ಬೇರೆ ತೆಗೆದಿಡಲು ವಾರ್ಷಿಕ ಸಭೆಯಲ್ಲಿ ನಿರ್ಣಯ ಮಾಡಿಸಿಕೊಳ್ಳಿ.

ಬಿರುಕು ನಿಮ್ಮ ಬೇಲಿಯಾಚೆ, ಮೇಲಿನ ಜಮೀನಿನಲ್ಲಿದ್ದರೆ ಭೂದಾಖಲೆ ಕಚೇರಿಯಲ್ಲಿ ಲಾಟ್ ನಂಬರ್ ಕೊಟ್ಟು ಒಡೆಯರು ಯಾರೆಂದು ತೆಗೆಸಿ. ತಾರೀಖಿರುವ ಫೋಟೊ, ಮೋರಿ ಕಟ್ಟಿರುವ ಜಾಗದ ಗುರುತು, ಮೊಳೆಯ ಅಳತೆಗಳನ್ನು ಸೇರಿಸಿ ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಹಾಕಿ, ಪುರಸಭೆಗೊಂದು ಪ್ರತಿ ಕಳಿಸಿ. 95(2)ರ ರಕ್ಷಣೆ ಖಾಸಗಿ ಜಮೀನುದಾರರಿಗಿಲ್ಲ. ಕಾಗದ ತಲುಪಿದ ಮೇಲೆ ತಮಗೆ ಗೊತ್ತಿರಲಿಲ್ಲ ಎಂದು ಅವರು ಹೇಳುವಂತೆಯೂ ಇಲ್ಲ.