ನಮ್ಮೂರಿನ ನಕ್ಷೆ ನಮ್ಮ ಪಂಚಾಯಿತಿಯಲ್ಲಿ ಏಕೆ ಸಿಗುವುದಿಲ್ಲ?

ಪ್ರಶ್ನೆ: ಊರಿನ ಕೆರೆ, ಕಾಲುವೆ, ರಸ್ತೆ, ನೀರಿನ ಕೊಳವೆ, ವಾರ್ಡಿನ ಗಡಿ ಇವೆಲ್ಲವನ್ನೂ ತೋರಿಸುವ ಡಿಜಿಟಲ್ ನಕ್ಷೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಬಳಿ ಇರಲೇಬೇಕಲ್ಲವೇ? ಸಾರ್ವಜನಿಕರು ಕೇಳಿದರೆ ಕೊಡಲು ಅವು ಸಿದ್ಧವಾಗಿವೆಯೇ? ‘ನಕ್ಷೆ ಗೋಪ್ಯ’ ಎಂದು ಹೇಳಿ ಕಳುಹಿಸುವುದು ಸರಿಯೇ?

ಉತ್ತರ: ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರಿಸುವುದು ಸುಲಭವಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳೋಣ. ನಕ್ಷೆ ಎಂದರೆ ರಕ್ಷಣಾ ರಹಸ್ಯ ಎಂಬ ಭಾವನೆಗೆ ನಮ್ಮ ದೇಶದಲ್ಲಿ ಒಂದು ಕಾಲದಲ್ಲಿ ಆಧಾರವಿತ್ತು. 2005ರ ರಾಷ್ಟ್ರೀಯ ನಕ್ಷಾ ನೀತಿಯೂ ರಕ್ಷಣಾ ಬಳಕೆಗೆ ಒಂದು ಶ್ರೇಣಿ, ಸಾರ್ವಜನಿಕರಿಗೆ ಇನ್ನೊಂದು ಶ್ರೇಣಿ ಎಂದು ನಕ್ಷೆಗಳನ್ನು ಎರಡಾಗಿ ವಿಂಗಡಿಸಿತ್ತು. ಆದರೆ 2021ರ ಫೆಬ್ರವರಿ 15ರಂದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯು ನಕ್ಷೆ ತಯಾರಿಕೆಗೆ ಬೇಕಾಗಿದ್ದ ಪೂರ್ವಾನುಮತಿಗಳನ್ನು ತೆಗೆದುಹಾಕಿತು. ಸಾರ್ವಜನಿಕ ಹಣದಲ್ಲಿ ಸಿದ್ಧವಾದ ಭೌಗೋಳಿಕ ದತ್ತಾಂಶವು, ಭದ್ರತಾ ಸಂಸ್ಥೆಗಳು ಸಂಗ್ರಹಿಸಿದ ವರ್ಗೀಕೃತ ಮಾಹಿತಿಯೊಂದನ್ನು ಬಿಟ್ಟು, ಭಾರತೀಯರೆಲ್ಲರಿಗೂ ಸುಲಭವಾಗಿ ದೊರೆಯಬೇಕು ಎಂದಿತು. 2022ರ ಡಿಸೆಂಬರ್ 28ರಂದು ಅಧಿಸೂಚಿತವಾದ ರಾಷ್ಟ್ರೀಯ ಭೂಸ್ಥಾನಿಕ ನೀತಿಯೂ ಇದೇ ದಾರಿಯಲ್ಲಿದೆ. ಆದ್ದರಿಂದ ಕೆರೆಯಂಗಳದ ಅಥವಾ ವಾರ್ಡಿನ ಗಡಿಯನ್ನು ಗೋಪ್ಯ ಎನ್ನುವವರು ಹಳೆಯ ಕಾಲದ ಅಭ್ಯಾಸವನ್ನು ಇಂದಿನ ನಿಯಮವೆಂದು ಭಾವಿಸಿದ್ದಾರೆ ಎನ್ನಬಹುದು.

ನಿಜವಾದ ತೊಡಕಿರುವುದು ಪ್ರಶ್ನೆಯ ಮೊದಲ ಭಾಗದಲ್ಲಿ, ಅಂದರೆ ‘ಇರಲೇಬೇಕಲ್ಲವೇ’ ಎಂಬ ನಂಬಿಕೆಯಲ್ಲಿ. ಕರ್ನಾಟಕದ ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯನ್ನು ಆಳುತ್ತವೆಯಾದರೂ ಆ ವ್ಯಾಪ್ತಿಯ ನಕ್ಷೆಯನ್ನು ಹೆಚ್ಚಾಗಿ ತಾವು ಬರೆದಿರುವುದಿಲ್ಲ. ಗ್ರಾಮ ನಕಾಶೆಯು ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಸ್ವತ್ತು. ಉಪಗ್ರಹ ಚಿತ್ರ ಮತ್ತು ಡಿಜಿಟಲ್ ಪದರಗಳು (ರಸ್ತೆ, ಕೆರೆ, ಗಡಿ ಹೀಗೆ ಒಂದೊಂದನ್ನೇ ತೋರಿಸುವ ನಕ್ಷೆಗಳು) ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ಎಂಬ, ಕಂಪ್ಯೂಟರಿನಲ್ಲಿ ನಕ್ಷೆಗೆ ಮಾಹಿತಿಯನ್ನು ಜೋಡಿಸಿಡುವ ವ್ಯವಸ್ಥೆಯಲ್ಲಿವೆ. ಪಂಚಾಯಿತಿಯ ಕಪಾಟಿನಲ್ಲಿ ಇರುವುದು ತೆರಿಗೆ ವಹಿ. ಪಂಚಾಯಿತಿಯ ಆಸ್ತಿ ದಾಖಲೆಗಳ ಇ-ಸ್ವತ್ತು ತಂತ್ರಾಂಶದಲ್ಲಿ ಸಿಗುವ ನಮೂನೆ 9 ಮತ್ತು 11 ಎಂಬ ಪತ್ರಗಳು ಕೂಡ ಮೂಲತಃ ಅದೇ ವಹಿಯ ವಂಶಕ್ಕೆ ಸೇರಿದವು.

ಗ್ರಾಮ ನಕಾಶೆಯನ್ನು ಒಮ್ಮೆ ಗಮನವಿಟ್ಟು ನೋಡಿದರೆ ಸಮಸ್ಯೆಯ ಬೇರು ಕಾಣುತ್ತದೆ. ಒಂದು ಮೈಲಿಗೆ ಎಂಟು ಅಂಗುಲ, ಅಂದರೆ 1:7,920ರ ಅಳತೆಯಲ್ಲಿ, 33 ಅಡಿಯ ಸರಪಳಿಯಿಂದ ಅಳೆದು ಬರೆದ ನಕಾಶೆಗಳಿವು. (ಉದ್ದಕ್ಕೂ ಅಗಲಕ್ಕೂ ಒಂದೊಂದು ಸರಪಳಿಯಿರುವ ಚೌಕವೇ ನಮ್ಮ ಗುಂಟೆ: 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ.) ಭೂಕಂದಾಯಕ್ಕಾಗಿ ಮಾಡಿದ ಅಳತೆಯಾದ್ದರಿಂದ ಹೊಲಗದ್ದೆಗಳ ಬದುಗಳು ಇದರಲ್ಲಿ ಚೊಕ್ಕವಾಗಿವೆ, ಆದರೆ ಜನ ವಾಸಿಸುವ ಜಾಗ ‘ಗ್ರಾಮಠಾಣಾ’ ಎಂಬ ಒಂದೇ ತುಂಡಾಗಿ, ಒಳಗೆ ಮನೆಯ ಗೆರೆಗಳಿಲ್ಲದೆ ಉಳಿದಿದೆ. ಕಂದಾಯ ಕೊಡದ ನೆಲವನ್ನು ಅಳೆಯುವ ಅಗತ್ಯ ಅಂದಿನವರಿಗೆ ಕಂಡಿರಲಿಲ್ಲ. ಪಂಚಾಯಿತಿ ಬೀದಿದೀಪ ಹಾಕುವ, ಚರಂಡಿ ಕಟ್ಟುವ, ಮನೆ ಕಂದಾಯ ವಸೂಲು ಮಾಡುವ ಜಾಗವೇ ನಕಾಶೆಯಲ್ಲಿ ಖಾಲಿ! ಅಲ್ಲದೆ ಈ ನಕಾಶೆಗಳಲ್ಲಿ ಅಕ್ಷಾಂಶ, ರೇಖಾಂಶಗಳಿಲ್ಲ. ಇವನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಬದುಗಳು ಅಲ್ಲಲ್ಲಿ ಸರಿದು ನಿಲ್ಲುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುವ ‘ದಿಶಾಂಕ್’ ಆ್ಯಪ್ ಬಹಳ ಉಪಯುಕ್ತವಾದರೂ ಅದರ ಗೆರೆಯನ್ನು ಸರ್ವೇಯರ್ ಸ್ಥಳದಲ್ಲೇ ಅಳೆದು ಗಡಿ ಗುರುತಿಸುವ ಹದ್ದುಬಸ್ತಿಗೆ ಸಮನೆಂದು ತಿಳಿಯಬಾರದು.

ಗ್ರಾಮಠಾಣಾದ ಈ ಖಾಲಿಯನ್ನು ತುಂಬಲೆಂದೇ 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಗಳ ಎಲ್ಲೆಗೆ ಸುಣ್ಣದ ಗುರುತು ಹಾಕಿಸಿ, ಸರ್ವೆ ಆಫ್ ಇಂಡಿಯಾ ಡ್ರೋನ್ ಹಾರಿಸಿ, 1:500ರ ಅಳತೆಯ ನಕ್ಷೆ ಮಾಡುತ್ತದೆ. ಊರಿನ ಒಳಭಾಗ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ದಾಖಲಾಗಿರಲಿಲ್ಲ. ಆದರೆ ಯೋಜನೆಯ ಗುರಿ ಮನೆ ಮಾಲೀಕರಿಗೆ ಆಸ್ತಿ ಕಾರ್ಡ್ ಕೊಡುವುದು. ಕಾರ್ಡ್ ಹಂಚಿದ ಮೇಲೆ ಆ ನಕ್ಷೆಯನ್ನು ಪಂಚಾಯಿತಿ ದಿನನಿತ್ಯದ ಕೆಲಸಕ್ಕೆ ಬಳಸುವುದು, ಹೊಸ ಮನೆ ಎದ್ದಾಗ ಅಥವಾ ಅಣ್ಣತಮ್ಮಂದಿರು ಪಾಲಾದಾಗ ಗೆರೆಯನ್ನು ತಿದ್ದುವುದು ಬೇರೆಯೇ ಕೆಲಸ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್, ನೀರು ಬಿಡುವ ನೀರುಗಂಟಿ ಇಷ್ಟು ಜನರಿರುವ ಕಚೇರಿಯಲ್ಲಿ ಅದು ಯಾರ ಕೆಲಸ? ನನ್ನ ಅಭಿಪ್ರಾಯದಲ್ಲಿ ಸನ್ನದ್ಧತೆಯ ಪ್ರಶ್ನೆ ನಿಲ್ಲುವುದು ಇಲ್ಲಿಯೇ. ಕಂಪ್ಯೂಟರು, ತಂತ್ರಾಂಶ, ಇಂಟರ್ನೆಟ್ ಇವುಗಳ ಕೊರತೆಗಿಂತ ನಕ್ಷೆಯನ್ನು ಕಾಪಾಡುವ, ತಿದ್ದುವ, ಕೊಡುವ ಹೊಣೆ ಹೊತ್ತ ಒಬ್ಬ ವ್ಯಕ್ತಿಯಿಲ್ಲದಿರುವುದೇ ದೊಡ್ಡ ಕೊರತೆ.

ನೀರುಗಂಟಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಎಷ್ಟೋ ಊರುಗಳಲ್ಲಿ ಯಾವ ಬೀದಿಯ ವಾಲ್ವ್ ಎಲ್ಲಿದೆ, ಹಳೆಯ ಕೊಳವೆ ಎಲ್ಲಿ ತಿರುಗುತ್ತದೆ ಎಂಬುದು ಅವರೊಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಅವರು ನಿವೃತ್ತರಾದ ದಿನ ಊರಿನ ನೀರಿನ ನಕ್ಷೆಯೂ ನಿವೃತ್ತವಾಗುತ್ತದೆ. ಕೇಬಲ್ ಹಾಕಲು ಅಗೆಯುವವರು ಕೊಳವೆ ಒಡೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಅಗೆಯುವವರನ್ನೂ ನೆಲದಡಿಯ ಸ್ವತ್ತಿನ ಒಡೆಯರನ್ನೂ ಅದು ಜೋಡಿಸಬಲ್ಲದು. ಆದರೆ ಕೊಳವೆ ಎಲ್ಲಿದೆಯೆಂದು ಒಡೆಯರಿಗೇ ತಿಳಿಯದಿದ್ದರೆ ಆ ಜೋಡಣೆಯಿಂದ ಏನೂ ಆಗದು.

ಇನ್ನೊಂದು ತೊಡಕು ಹೆಸರುಗಳದ್ದು. ಹೊಸಹಳ್ಳಿ ಎಂಬ ಊರು ನಮ್ಮಲ್ಲಿ ತಾಲ್ಲೂಕಿಗೊಂದೆರಡಾದರೂ ಸಿಗುತ್ತದೆ. ಒಂದು ಇಲಾಖೆಯ ಪಟ್ಟಿಯಲ್ಲಿ ಅದು ಹೊಸಹಳ್ಳಿ, ಮತ್ತೊಂದರಲ್ಲಿ ಹೊಸಳ್ಳಿ. ಶಾಲೆಗಳ ಪಟ್ಟಿಯನ್ನೂ ಕೊಳವೆಬಾವಿಗಳ ಪಟ್ಟಿಯನ್ನೂ ಒಂದೇ ನಕ್ಷೆಯ ಮೇಲೆ ತರಲು ಹೊರಟವರು ಮೊದಲು ಎಡವುವುದು ಇಲ್ಲಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯು ಪ್ರತಿ ಹಳ್ಳಿಗೂ ಪಂಚಾಯಿತಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಎಲ್ಲ ಇಲಾಖೆಗಳೂ ಆ ಸಂಖ್ಯೆಯನ್ನು ತಪ್ಪದೆ ಬರೆದರೆ ಅರ್ಧ ಗೊಂದಲ ಖರ್ಚಿಲ್ಲದೆ ಮುಗಿಯುತ್ತದೆ.

ನಗರಗಳ ಸ್ಥಿತಿ ತುಸು ಮೇಲು. ಕೇಂದ್ರದ ನಗರಾಭಿವೃದ್ಧಿ ಯೋಜನೆಯಾದ ಅಮೃತ್ ಅಡಿ 500 ನಗರಗಳಿಗೆ 1:4,000ರ ಅಳತೆಯಲ್ಲಿ ಜಿಐಎಸ್ ಆಧಾರಿತ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮಾಡಿಸುವ ಕಾರ್ಯಕ್ರಮವಿದೆ. 2025ರ ಫೆಬ್ರವರಿಯಲ್ಲಿ ‘ನಕ್ಷಾ’ ಎಂಬ ನಗರ ಭೂಮಾಪನ ಕಾರ್ಯಕ್ರಮ 152 ಸ್ಥಳೀಯ ಸಂಸ್ಥೆಗಳಲ್ಲಿ ಆರಂಭವಾಗಿದೆ. ಆದರೆ ಕೆಲಸ ಮಾಡುವುದು ಹೊರಗುತ್ತಿಗೆಯ ಸಂಸ್ಥೆಯಾಗಿದ್ದು, ಕರಾರಿನಲ್ಲಿ ಮೂಲ ಕಡತಗಳನ್ನು ಒಪ್ಪಿಸಬೇಕೆಂದು ಬರೆಯದಿದ್ದರೆ ಕಚೇರಿಗೆ ಬರುವುದು ಗೋಡೆಗೆ ತೂಗುಹಾಕುವ ಬಣ್ಣದ ಹಾಳೆ ಮತ್ತು ಒಂದು ಪಿಡಿಎಫ್ ಮಾತ್ರ. ಪಿಡಿಎಫ್ ನೋಡಲು ಸರಿ, ಅಳೆಯಲು ಬಾರದು. ಇದರ ಜೊತೆಗೆ ಗಡಿಗಳೂ ಬದಲಾಗುತ್ತಿರುತ್ತವೆ: ಬೆಂಗಳೂರಿನಲ್ಲಿ 198 ಇದ್ದ ವಾರ್ಡುಗಳು 2022ರಲ್ಲಿ 243, 2023ರಲ್ಲಿ 225 ಎಂದಾಗಿ, 2025ರಲ್ಲಿ ನಗರವೇ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಯಾವ ದಿನಾಂಕದ ಗಡಿ ಎಂದು ನಮೂದಿಸದ ವಾರ್ಡ್ ನಕ್ಷೆ ಅಲ್ಲಿ ದಾರಿ ತಪ್ಪಿಸುವುದೇ ಹೆಚ್ಚು.

ಅಧಿಕಾರಿಗಳ ಹಿಂಜರಿಕೆಯೆಲ್ಲವೂ ನೆಪವಲ್ಲ ಎಂಬುದನ್ನೂ ಒಪ್ಪಬೇಕು. ಮಾಲೀಕರ ಹೆಸರು, ಫೋನ್ ಸಂಖ್ಯೆಗಳನ್ನು ನಕ್ಷೆಯೊಂದಿಗೆ ಹಂಚುವುದು ತಪ್ಪು. ಅವುಗಳನ್ನು ತೆಗೆದು ಗೆರೆಗಳನ್ನಷ್ಟೇ ಕೊಡಬಹುದು. ತಾನು ಕೊಟ್ಟ ನಕ್ಷೆ ನಾಳೆ ಒತ್ತುವರಿ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಬಂದೀತು ಎಂಬ ಪಿಡಿಒ ಅವರ ಭಯವೂ ಸಹಜವೇ. ನಕ್ಷೆಯ ನಿಖರತೆ ಎಷ್ಟು, ಯಾವ ಬಳಕೆಗೆ ಅದು ತಕ್ಕದ್ದಲ್ಲ ಎಂಬುದನ್ನು ಅದರ ಜೊತೆಗೇ ಬರೆದು ಕೊಡುವುದು ಆ ಭಯಕ್ಕೆ ಪರಿಹಾರ.

ಈಗ ನೀವು ಕೇಳಬೇಕಾದ ಕ್ರಮ. ಗ್ರಾಮ ನಕಾಶೆಯ ಸ್ಕ್ಯಾನ್ ಪ್ರತಿ ಭೂದಾಖಲೆಗಳ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೆ ಅರ್ಜಿ ಬೇಡ. ಉಳಿದದ್ದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕಾದ್ದರಿಂದ ಕೆರೆ, ಕೊಳವೆ, ರಸ್ತೆ ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ‘ನಕ್ಷೆ ಕೊಡಿ’ ಎಂದಷ್ಟೇ ಬರೆದರೆ ಜೆರಾಕ್ಸ್ ಬರುತ್ತದೆ. ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲೇ ಪಡೆಯುವ ಹಕ್ಕನ್ನು ಕಾಯ್ದೆಯ 2(ಜೆ) ಪ್ರಕರಣ ಕೊಟ್ಟಿದೆ. ಅದನ್ನು ಉಲ್ಲೇಖಿಸಿ ಶೇಪ್ ಫೈಲ್ ಅಥವಾ ಕೆಎಂಎಲ್ ಕಡತ (ಕಂಪ್ಯೂಟರಿನಲ್ಲಿ ತೆರೆದು ಅಳೆಯಬಹುದಾದ ನಕ್ಷೆಯ ಕಡತಗಳು) ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಸಾರ್ವಜನಿಕ ಪ್ರಾಧಿಕಾರದ, ಅಂದರೆ ಆ ಸರ್ಕಾರಿ ಸಂಸ್ಥೆಯ ‘ನಿಯಂತ್ರಣದಲ್ಲಿರುವ’ ಮಾಹಿತಿಯೂ ಅದೇ ಪ್ರಕರಣದ ವ್ಯಾಪ್ತಿಗೆ ಬರುವುದರಿಂದ, ಕಡತ ಗುತ್ತಿಗೆದಾರರ ಬಳಿಯಿದೆ ಎಂಬ ಉತ್ತರವನ್ನು ನೀವು ಪ್ರಶ್ನಿಸಬಹುದು. ‘ಅದು ನಮ್ಮ ಬಳಿಯಿಲ್ಲ, ಬೇರೆ ಇಲಾಖೆಯಲ್ಲಿದೆ’ ಎನ್ನುವುದಾದರೆ 6(3)ನೇ ಪ್ರಕರಣದಂತೆ ಅರ್ಜಿಯನ್ನು ಐದು ದಿನಗಳೊಳಗೆ ಆ ಇಲಾಖೆಗೆ ವರ್ಗಾಯಿಸುವುದು ಅವರ ಕರ್ತವ್ಯ. ಸಮೀಕ್ಷೆ ನಡೆದ ದಿನಾಂಕವನ್ನೂ ಅದೇ ಅರ್ಜಿಯಲ್ಲಿ ಕೇಳಲು ಮರೆಯಬೇಡಿ.