ನೆಲ ಇಳಿದು ಕಡಲು ಸೇರಿದ ಬಾಯಾ

ಇಟಲಿಯ ನೇಪಲ್ಸ್ ನಗರದ ಪಶ್ಚಿಮಕ್ಕೆ, ಪೊಟ್ಸುವೋಲಿ ಕೊಲ್ಲಿಯ ದಡದಲ್ಲಿ ಬಾಯಾ ಎಂಬ ಸಣ್ಣ ಊರಿದೆ. ಒಂದು ಪುಟ್ಟ ಬಂದರು, ಗುಡ್ಡದ ಮೇಲೊಂದು ಕೋಟೆ, ಸಾಲು ದೋಣಿಗಳು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿರಿವಂತರು ಹಾಯಾಗಿ ಕಾಲ ಕಳೆಯಲು ಬರುತ್ತಿದ್ದದ್ದು ಇಲ್ಲಿಗೇ. ಜೂಲಿಯಸ್ ಸೀಸರನ ಬಂಗಲೆ ಇಲ್ಲಿತ್ತು. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 138ರಲ್ಲಿ ತೀರಿಕೊಂಡದ್ದೂ ಇಲ್ಲೇ. ಆ ಊರಿನ ದೊಡ್ಡ ಭಾಗ ಈಗ ನೀರಿನಡಿ ಇದೆ.

ಸಮುದ್ರ ಉಕ್ಕಿ ಬಂದು ಊರನ್ನು ನುಂಗಿರಬೇಕು ಅನ್ನಿಸುತ್ತದೆ, ಅಲ್ವಾ? ನಿಜಕ್ಕೂ ಕೆಳಗಿಳಿದದ್ದು ನೆಲ. ಬಾಯಾ ಕೂತಿರುವುದು ಕಾಂಪಿ ಫ್ಲೆಗ್ರೇ ಎಂಬ ಜ್ವಾಲಾಮುಖಿಯ ಮೇಲೆ. ಇದಕ್ಕೆ ಪಕ್ಕದ ವೆಸುವಿಯಸ್ಸಿನಂತೆ ಶಿಖರವಿಲ್ಲ. ಹತ್ತು ಕಿಲೋಮೀಟರಿಗೂ ಜಾಸ್ತಿ ಅಗಲದ ಕುಸಿದ ಬಾಣಲೆ ಇದು, ಅರ್ಧದಷ್ಟು ಸಮುದ್ರದೊಳಗೇ ಇದೆ.

ಬಾಯಾ ಬೆಳೆದದ್ದೂ ಈ ಬೆಂಕಿಯಿಂದಲೇ. ನೆಲದಡಿಯ ಶಾಖದಿಂದ ಬಿಸಿನೀರಿನ ಬುಗ್ಗೆಗಳು ಎದ್ದವು, ಬುಗ್ಗೆಗಳ ಸುತ್ತ ಸ್ನಾನಗೃಹಗಳು ಎದ್ದವು. ಇಲ್ಲಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣದ ಜೊತೆ ಕಲಸಿದರೆ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ. ಬಾಯಾದ ಈ ಪುಡಿಯ ಬಗ್ಗೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಆಗಲೇ ಬರೆದಿಟ್ಟಿದ್ದ. ಊರಿನ ಸ್ನಾನಗೃಹವೊಂದರ ಕಾಂಕ್ರೀಟ್ ಗುಮ್ಮಟ ಇವತ್ತಿಗೂ ನಿಂತಿದೆ. ಜನ ಅದನ್ನು ಮರ್ಕ್ಯುರಿ ದೇವಾಲಯ ಅಂತ ಕರೆಯುತ್ತಾರೆ. ಅಗಲ ಸುಮಾರು 21 ಮೀಟರ್. ರೋಮಿನ ಪ್ಯಾಂಥಿಯನ್ ಗುಮ್ಮಟಕ್ಕಿಂತ ನೂರು ವರ್ಷಕ್ಕೂ ಹಳೆಯದು. ನಾನಂತೂ ಬಾಯಾದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ ಅನ್ನುತ್ತೇನೆ.

ನೆಲ ಇಳಿಯಿತು ಅಂತ ಹೇಗೆ ಗೊತ್ತಾಯಿತು? ಪಕ್ಕದ ಪೊಟ್ಸುವೋಲಿಯಲ್ಲಿ ರೋಮನ್ನರ ಕಾಲದ ಮಾರುಕಟ್ಟೆಯೊಂದಿದೆ. ಅಲ್ಲಿ ಅಮೃತಶಿಲೆಯ ಮೂರು ಎತ್ತರದ ಕಂಬಗಳು ಇನ್ನೂ ನೆಟ್ಟಗೆ ನಿಂತಿವೆ. ಬುಡದಿಂದ ಸುಮಾರು ಮೂರೂವರೆ ಮೀಟರ್ ತನಕ ಕಲ್ಲು ನುಣುಪಾಗಿದೆ. ಅದರ ಮೇಲೆ ಎರಡೂವರೆ ಮೀಟರಿಗೂ ಜಾಸ್ತಿ ಅಗಲದ ಪಟ್ಟಿಯಲ್ಲಿ ಮೈತುಂಬ ತೂತು. ಅದಕ್ಕೂ ಮೇಲೆ ಮತ್ತೆ ನುಣುಪು.

ತೂತು ಕೊರೆದದ್ದು ಲಿಥೋಫಾಗ ಎಂಬ ಚಿಪ್ಪಿನ ಜೀವಿ. ಅದು ಸುಣ್ಣಕಲ್ಲನ್ನು ಕರಗಿಸಿ ಒಳಗೆ ಮನೆ ಮಾಡಿಕೊಳ್ಳುತ್ತದೆ. ಬದುಕುವುದು ಸಮುದ್ರದ ನೀರಿನಲ್ಲಿ ಮಾತ್ರ. ಅಂದರೆ ಕಂಬಗಳು ಒಂದು ಕಾಲಕ್ಕೆ ಅಷ್ಟೆತ್ತರದವರೆಗೆ ಮುಳುಗಿದ್ದವು. ಬುಡ ಮಾತ್ರ ಮಣ್ಣು, ಬೂದಿಯಲ್ಲಿ ಹೂತಿದ್ದರಿಂದ ಉಳಿಯಿತು. ಆಮೇಲೆ ನೆಲ ಮತ್ತೆ ಮೇಲೆದ್ದಿತು. ಇಷ್ಟೆಲ್ಲ ಆದರೂ ಕಂಬಗಳು ಉರುಳಲಿಲ್ಲ ಅಂದರೆ ಏರಿಳಿತ ಎಷ್ಟು ನಿಧಾನವಾಗಿ ನಡೆದಿರಬೇಕು! ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಲ್ಲಿ ತಂದ ತನ್ನ ದೊಡ್ಡ ಗ್ರಂಥದ ಮುಖಚಿತ್ರಕ್ಕೆ ಇದೇ ಕಂಬಗಳನ್ನು ಆರಿಸಿಕೊಂಡ.

ಬಾಯಾದ ಮುಳುಗಿದ ಭಾಗ 2002ರಿಂದ ಸಂರಕ್ಷಿತ ಜಲೋದ್ಯಾನ. ಕೆಲವು ಕಡೆ ಆಳ ಬರೀ ಐದು ಮೀಟರ್. ಮೊಸಾಯಿಕ್ ನೆಲ, ಗೋಡೆಗಳು, ರಸ್ತೆಯ ಕಲ್ಲುಹಾಸು, ಎಲ್ಲ ಹಾಗೇ ಇವೆ. ಕ್ಲಾಡಿಯಸ್ ಚಕ್ರವರ್ತಿಯ ಭೋಜನಶಾಲೆಯಲ್ಲಿ ಸಿಕ್ಕ ಮೂರ್ತಿಗಳ ಪ್ರತಿಗಳನ್ನು ನೀರಿನಲ್ಲೇ ನಿಲ್ಲಿಸಿದ್ದಾರೆ. ಮೂಲ ಮೂರ್ತಿಗಳು ಮೇಲೆ ಕೋಟೆಯ ಮ್ಯೂಸಿಯಮ್ಮಿನಲ್ಲಿವೆ. ಎರಡನ್ನೂ ನೋಡಬೇಕು.

ಏರಿಳಿತ ಇನ್ನೂ ನಿಂತಿಲ್ಲ. 1982ರಿಂದ 84ರ ನಡುವೆ ಪೊಟ್ಸುವೋಲಿಯ ನೆಲ ಸುಮಾರು 1.8 ಮೀಟರ್ ಎದ್ದಿತು, ಸಾವಿರಾರು ಜನ ಮನೆ ಬಿಟ್ಟರು. 2005ರಿಂದ ಮತ್ತೆ ಏರುತ್ತಿದೆ. ಹಳೆಯ ದೋಣಿಕಟ್ಟೆಯಲ್ಲಿ ನೀರು ಹಿಂದೆ ಸರಿದಿದೆ. 2025ರ ಮಾರ್ಚಿನಲ್ಲಿ 4.6 ತೀವ್ರತೆಯ ಕಂಪನವಾಯಿತು. ನೆಲವನ್ನು ಎತ್ತುತ್ತಿರುವುದು ಆಳದಲ್ಲಿ ಸಿಕ್ಕಿಕೊಂಡ ಅನಿಲ ಮತ್ತು ಬಿಸಿನೀರಿನ ಒತ್ತಡವೇ, ಮೇಲೇರುತ್ತಿರುವ ಶಿಲಾರಸವೇ, ಅಥವಾ ಎರಡೂವೇ ಎಂಬುದು ಚರ್ಚೆಯಲ್ಲಿದೆ. ಅಲ್ಲಿನವರಿಗೆ ಇದು ಸುಮ್ನೆ ಪಂಡಿತರ ವಾದವಲ್ಲ. 1538ರಲ್ಲೂ ಮೊದಲು ನೆಲ ಏರಿ ಸಮುದ್ರ ಹಿಂದೆ ಸರಿದಿತ್ತು. ಆಮೇಲೆ ಬೆಂಕಿ ಎದ್ದು, ಒಂದೇ ವಾರದಲ್ಲಿ ಬಾಯಾದ ಹತ್ತಿರ ಹೊಸ ಗುಡ್ಡವೇ ಹುಟ್ಟಿತು. ಟ್ರಿಪೆರ್ಗೊಲೆ ಎಂಬ ಹಳ್ಳಿ ಅದರಡಿ ಹೂತುಹೋಯಿತು. ಅದಕ್ಕೇ ನೇಪಲ್ಸಿನ ವೆಸುವಿಯಸ್ ವೀಕ್ಷಣಾಲಯದವರು ಈಗ ಹಗಲೂ ರಾತ್ರಿ ಇಲ್ಲಿನ ಕಂಪನ, ಅನಿಲ, ನೆಲದ ಎತ್ತರ ಎಲ್ಲದರ ಮೇಲೂ ಕಣ್ಣಿಟ್ಟಿದ್ದಾರೆ. ಕೊಲ್ಲಿಯ ತಳದಲ್ಲೂ ಅವರ ಉಪಕರಣಗಳಿವೆ.