ಓದುಗರ ಪ್ರಶ್ನೆ: ಕಾಳಜಿ ಕೇಂದ್ರದಲ್ಲಿ ಹೆಣ್ಮಗಳೊಬ್ಬಳು ಬಂದು ‘ಹಿಂಗಾಯ್ತು’ ಅಂದ್ರೆ, ಮೊದ್ಲು ಸ್ಟೇಷನ್ನಿಗಾ, ಆಸ್ಪತ್ರೆಗಾ?

ಮಳೆ ಜೋರಾಗಿ, ಹೊಳೆ ತುಂಬಿ, ಶಾಲೆಗಳಲ್ಲಿ ಕಾಳಜಿ ಕೇಂದ್ರ ಶುರುವಾದ ವಾರ ಈ ಪ್ರಶ್ನೆ ನನಗೆ ಬಂದೇ ಬರುತ್ತೆ. ವಾಲಂಟಿಯರ್ ಹುಡುಗ್ರು ಕೇಳ್ತಾರೆ, ಅಂಗನವಾಡಿ ಟೀಚರ್‌ಗಳು ಕೇಳ್ತಾರೆ, ಒಂದ್ಸಲ ಊಟದ ಟೆಂಪೋ ಓಡಿಸೋ ಅಣ್ಣ ಕೂಡ ಕೇಳಿದ್ರು. "ಮೇಡಂ, ಯಾರಾದ್ರೂ ಹೆಣ್ಮಗಳು ಬಂದು ನನ್ನ ಮೇಲೆ ಕೈ ಮಾಡಿದ್ರು, ಕೆಡಿಸಿದ್ರು ಅಂತ ಹೇಳ್ಕೊಂಡ್ರೆ ನಾನೇನ್ ಮಾಡ್ಲಿ? ಮೊದ್ಲು ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕಲ್ವಾ, ಎಫ್‌ಐಆರ್ ಇಲ್ದೆ ಆಸ್ಪತ್ರೇಲಿ ಮುಟ್ಟೋದೇ ಇಲ್ವಂತೆ?"

ಅಲ್ಲ. ಅವಳು ಒಪ್ಪಿದ್ರೆ ಮೊದ್ಲು ಆಸ್ಪತ್ರೆ. ಇದನ್ನ ನಾನು ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಆದ್ರೂ ಪ್ರತಿ ವರ್ಷ ಅದೇ ಮಾತು ತಿರುಗಿ ಬರುತ್ತೆ, ಅದಕ್ಕೇ ಈ ಸಲ ಪೂರ್ತಿ ಬರೆದು ಇಡ್ತಿದೀನಿ.

2019ರ ಆಗಸ್ಟ್, ಕೃಷ್ಣಾ ನದಿ ಕಡೆಯ ಒಂದು ಶಾಲೆ. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಿಸಿದೀನಿ. ಶನಿವಾರ ಮಧ್ಯಾಹ್ನ ಮಾತ್ರೆ ಕೊಡೋ ಸಾಲಲ್ಲಿ ಬಂದ ಒಬ್ಬಳು "ತಲಿ ಭಾಳ ನೋಯಾಕತ್ತೈತ್ರಿ" ಅಂದ್ಲು. ಮಾತ್ರೆ ಕೊಟ್ವಿ, ತಗೊಂಡ್ಲು, ಹೋಗ್ಲಿಲ್ಲ. ಅಲ್ಲೇ ನಿಂತು ಆ ಮಾತ್ರೆ ಹಾಳೆನ ಮಡಚ್ತಾ ಬಿಡಿಸ್ತಾ ಇದ್ಲು. ಜನ ಖಾಲಿಯಾದ್ಮೇಲೆ "ಅಕ್ಕಾರ, ಇಲ್ಲಿ ಬ್ಯಾಡ್ರಿ" ಅಂದ್ಲು. ಬಿಸಿಯೂಟದ ಅಡುಗೆಕೋಣೆ ಹಿಂದೆ ಹೋಗಿ ಕೂತ್ವಿ, ಕೈಗೆ ಏನಾದ್ರೂ ಕೆಲಸ ಇರ್ಲಿ ಅಂತ ನಾನೇ ಒಂದು ಮೊರದಲ್ಲಿ ಅಕ್ಕಿ ಹಾಕಿ ಕೊಟ್ಟೆ, ಕಲ್ಲು ಆರಿಸ್ತಾನೇ ಅವಳು ಶುಕ್ರವಾರ ರಾತ್ರಿದು ಪೂರ್ತಿ ಹೇಳಿದ್ಲು. ನಾನು ಕೇಳಿದ್ದು ಮೂರೇ ಮಾತು: ಎಲ್ಲಾದ್ರೂ ಗಾಯ ಆಗಿದ್ಯಾ, ಇವತ್ತು ರಾತ್ರಿ ಯಾರ ಪಕ್ಕ ಮಲಗಿದ್ರೆ ನಿಂಗೆ ಧೈರ್ಯ, ಈಗ ನಾನೇನ್ ಮಾಡ್ಲಿ. ಯಾರು, ಎಲ್ಲಿ, ಹೆಂಗೆ, ನೀನ್ಯಾಕೆ ಆ ಕಡೆ ಹೋಗಿದ್ದೆ, ಇವ್ಯಾವೂ ನಾವು ಕೇಳೋ ಪ್ರಶ್ನೆಗಳಲ್ಲ. ‘ಯಾಕೆ’ ಇಂದ ಶುರುವಾಗೋ ಯಾವ ಪ್ರಶ್ನೆನೂ ಬೇಡ, ಕೇಳ್ತಿದ್ದ ಹಾಗೆ ಅವಳಿಗೆ ತಪ್ಪು ತನ್ನ ಮೇಲೇ ಬಂತು ಅನ್ಸುತ್ತೆ.

ಆಮೇಲೆ ಆಗಿದ್ದು ನೋಡಿ. ಅವಳು ಒಪ್ಪಿದ್ಲು, ಆಸ್ಪತ್ರೆಗೆ ಹೋದ್ವಿ, ಕೌಂಟರ್‌ನಲ್ಲಿ "ಕಂಪ್ಲೇಂಟ್ ಕಾಪಿ ತಗೊಂಬನ್ನಿ" ಅಂದ್ರು. ಸ್ಟೇಷನ್ನಿಗೆ ಹೋದ್ರೆ "ಆ ಊರು ನಮ್ಮ ಲಿಮಿಟ್ಸ್ ಅಲ್ಲ" ಅಂದ್ರು. ಲಿಮಿಟ್ಸ್ ಇರೋ ಸ್ಟೇಷನ್ನಿನ ರಸ್ತೆ ನೀರಲ್ಲಿ. ಭಾನುವಾರ ಪೂರ್ತಿ ಫೋನಲ್ಲೇ ಹೋಯ್ತು. ಕೊನೆಗೆ ಬೇರೆ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ ಏನೂ ಕೇಳದೆ ಒಳಗೆ ಕರ್ಕೊಂಡಾಗ ಸೋಮವಾರ ಮಧ್ಯಾಹ್ನ. ಎಚ್‌ಐವಿ ತಡೆಯೋ ಮಾತ್ರೆ, ಪಿಇಪಿ ಅಂತಾರಲ್ಲ, ಅದನ್ನ ಶುರು ಮಾಡ್ಬೇಕಾಗಿರೋದು 72 ಗಂಟೆ ಒಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಶುಕ್ರವಾರ ರಾತ್ರಿ ಹತ್ತರಿಂದ ಲೆಕ್ಕ ಹಾಕಿ. ಗಡುವಿಗೆ ಏಳೆಂಟು ಗಂಟೆ ಉಳ್ದಿತ್ತು ಅಷ್ಟೇ. ಎರಡು ದಿನ ತಿಂದಿದ್ದು ಪ್ರವಾಹ ಅಲ್ಲ, ಈ ‘ಮೊದ್ಲು ಎಫ್‌ಐಆರ್’ ಅನ್ನೋ ನಂಬಿಕೆ.

ಈಗ ಕಾನೂನು ಏನ್ ಹೇಳುತ್ತೆ ಕೇಳಿ. 2013ರಲ್ಲೇ ಸಿಆರ್‌ಪಿಸಿಗೆ, ಅಂದ್ರೆ ಕ್ರಿಮಿನಲ್ ಕೇಸು ಹೆಂಗೆ ನಡೆಸ್ಬೇಕು ಅಂತ ಹೇಳೋ ಹಳೇ ಕಾನೂನಿಗೆ, 357ಸಿ ಅಂತ ಒಂದು ಕಲಂ ಸೇರಿಸಿದ್ರು. ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ, ಅತ್ಯಾಚಾರ ಮತ್ತೆ ಆಸಿಡ್ ದಾಳಿಗೆ ಒಳಗಾದವರಿಗೆ ಎಲ್ಲ ಆಸ್ಪತ್ರೆನೂ ತಕ್ಷಣ, ಪುಕ್ಕಟೆ ಚಿಕಿತ್ಸೆ ಕೊಡ್ಬೇಕು ಅಂತ. 2024ರ ಜುಲೈ 1ರಿಂದ ಹೊಸ ಕಾನೂನು ಬಂತಲ್ಲ, ಅದೇ ಮಾತು ಈಗ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 397ನೇ ಕಲಂನಲ್ಲಿದೆ, ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾನೂನು, ಆ ಕೇಸಿನ ಮಕ್ಕಳನ್ನೂ ಸೇರಿಸಿದಾರೆ. ಕೊಡಲ್ಲ ಅಂದ ಆಸ್ಪತ್ರೆಯ ಉಸ್ತುವಾರಿಗೆ, ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ನ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಈ ಎರಡು ನಂಬರ್, 397 ಮತ್ತೆ 200, ಫೋನಲ್ಲಿ ಬರ್ಕೊಳ್ಳಿ. ನನ್ನ ಹತ್ರ ಟ್ರೈನಿಂಗ್ ತಗೊಂಡ ಒಬ್ಬ ಡಿಗ್ರಿ ಹುಡುಗಿ ಕೌಂಟರ್ ಮುಂದೆ ನಿಂತು ಇವೆರಡನ್ನೂ ಸಮಾಧಾನವಾಗಿ ಹೇಳಿದ್ಲಂತೆ, ಹತ್ತೇ ನಿಮಿಷದಲ್ಲಿ ಬಾಗಿಲು ತೆರೀತಂತೆ. ಅವಳು ಫೋನ್ ಮಾಡಿ ಹೇಳಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಹಾಗಾದ್ರೆ ಈ ನಂಬಿಕೆ ಎಲ್ಲಿಂದ ಬಂತು? ಹಳೇ ಕಾಲದ ಆಕ್ಸಿಡೆಂಟ್ ಕೇಸುಗಳಿಂದ. ರಸ್ತೇಲಿ ಬಿದ್ದೋರನ್ನ ಎತ್ಕೊಂಡು ಹೋದ್ರೆ "ಎಂಎಲ್‌ಸಿ (ಪೊಲೀಸ್‌ಗೆ ತಿಳಿಸ್ಬೇಕಾದ ಕೇಸು), ಮೊದ್ಲು ಪೊಲೀಸ್" ಅಂತ ವಾಪಸ್ ಕಳಿಸ್ತಿದ್ರು. ಅದೂ ತಪ್ಪು ಅಂತ 1989ರಲ್ಲೇ ಪರಮಾನಂದ ಕಟಾರ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಜೀವ ಮೊದ್ಲು, ಕಾಗದ ಆಮೇಲೆ. ಇನ್ನೊಂದು ಕಾರಣ, 397ರಲ್ಲೇ ಆಸ್ಪತ್ರೆಯೋರು ಪೊಲೀಸ್‌ಗೆ ತಿಳಿಸ್ಬೇಕು ಅಂತಾನೂ ಇದೆ. ಜನ ಇದನ್ನ ಉಲ್ಟಾ ಮಾಡ್ಕೊಂಡಿದಾರೆ. ಆಸ್ಪತ್ರೆ ತಿಳಿಸೋದು ಬೇರೆ, ಅವಳು ಕಂಪ್ಲೇಂಟ್ ಕೊಟ್ಟು ಬರೋದು ಬೇರೆ. ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಲಿ ಸ್ಪಷ್ಟವಾಗಿದೆ: ನಂಗೆ ಪೊಲೀಸ್ ಕೇಸ್ ಬೇಡ ಅಂದ್ರೆ ಅದನ್ನ ಡಾಕ್ಟರ್ ಬರ್ಕೊಬೇಕು, ಚಿಕಿತ್ಸೆ ಮಾತ್ರ ನಿಲ್ಲಿಸೋ ಹಾಗಿಲ್ಲ. ಪರೀಕ್ಷೇಲಿ ಯಾವುದಾದ್ರೂ ಭಾಗ ಬೇಡ ಅನ್ನೋ ಹಕ್ಕೂ ಅವಳಿಗಿದೆ. ಬೆರಳು ಹಾಕಿ ‘ಇವಳಿಗೆ ಮೊದ್ಲೇ ಅಭ್ಯಾಸ ಇತ್ತಾ’ ಅಂತ ನೋಡ್ತಿದ್ದ ಆ ಎರಡು ಬೆರಳಿನ ಪರೀಕ್ಷೆಯಂತೂ ಮಾಡೋ ಹಾಗೇ ಇಲ್ಲ, 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಮಾಡೋದೇ ದುರ್ನಡತೆ ಅಂತ ಹೇಳಿದೆ.

ಆದ್ರಿಂದ ನೀವು ಅವಳಿಗೆ "ಯಾರಿಗೂ ಗೊತ್ತಾಗಲ್ಲ ಬಾ" ಅಂತ ಮಾತು ಕೊಡ್ಬೇಡಿ, ಅದು ಸುಳ್ಳಾಗುತ್ತೆ. "ಆಸ್ಪತ್ರೆಯೋರು ಪೊಲೀಸ್‌ಗೆ ತಿಳಿಸ್ತಾರೆ, ಆದ್ರೆ ಹೇಳಿಕೆ ಕೊಡೋದು ಬಿಡೋದು ನಿಂಗೆ ಬಿಟ್ಟಿದ್ದು, ಔಷಧಿ ಅಂತೂ ಸಿಗುತ್ತೆ" ಅಂತ ಹೊರಡೋ ಮುಂಚೇನೇ ಹೇಳಿ. ಕೇಳಿ ಬೇಡ ಅಂದ್ರೆ ಬಿಡಿ, ಸಂಜೆ ಇನ್ನೊಂದ್ಸಲ ಪಕ್ಕ ಕೂರಿ, ಅಷ್ಟೇ. ಹದಿನೆಂಟು ತುಂಬದವರಾದ್ರೆ ಮಾತ್ರ ಬೇರೆ, ಪೋಕ್ಸೋ ಪ್ರಕಾರ ಗೊತ್ತಾದವರು ತಿಳಿಸ್ಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಗುಗೆ ಅದನ್ನೂ ಅರ್ಥ ಆಗೋ ಹಾಗೆ ಹೇಳಿ.

ಮುಂದೆ ಅವಳೇ ಕಂಪ್ಲೇಂಟ್ ಕೊಡ್ತೀನಿ ಅಂದ್ರೆ ಲಿಮಿಟ್ಸ್ ಮಾತು ನಡೆಯಲ್ಲ. ಝೀರೋ ಎಫ್‌ಐಆರ್ ಅಂತ ಇದೆ, ಘಟನೆ ಎಲ್ಲೇ ಆಗಿರ್ಲಿ ಯಾವ ಸ್ಟೇಷನ್ನಾದ್ರೂ ಬರ್ಕೊಬೇಕು, ಬಿಎನ್‌ಎಸ್‌ಎಸ್ 173. ಮನೆ ಮಠ ಬಿಟ್ಟು ಬಂದೋರಿಗೆ ಇದಕ್ಕಿಂತ ಬೇಕಾಗಿರೋ ಕಲಂ ಇನ್ನೊಂದಿಲ್ಲ.

ಸ್ನಾನ ಮಾಡ್ಬಿಟ್ಲು, ಬಟ್ಟೆ ಒಗೆದ್ಬಿಟ್ಲು, ಇನ್ನೇನು ಪ್ರಯೋಜನ ಅಂತಾನೂ ಕೇಳ್ತೀರ. ಹೋಗಿ. ಸಾಕ್ಷಿಯ ಸ್ಯಾಂಪಲ್ಲನ್ನ 96 ಗಂಟೆವರೆಗೂ ತಗೋತಾರೆ, ಒಗೆಯದ ಬಟ್ಟೆ ಇದ್ರೆ ಪ್ಲಾಸ್ಟಿಕ್ ಕವರ್ ಬೇಡ, ನ್ಯೂಸ್‌ಪೇಪರಲ್ಲಿ ಸುತ್ತಿ, ಪ್ಲಾಸ್ಟಿಕ್ಕಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತೆ. ಗರ್ಭ ನಿಲ್ಲದ ಹಾಗೆ ತಗೊಳ್ಳೋ ಮಾತ್ರೆ ಐದು ದಿನದವರೆಗೂ ಕೆಲಸ ಮಾಡುತ್ತೆ, ಬೇಗ ತಗೊಂಡಷ್ಟೂ ಚೆನ್ನಾಗಿ. ಸಾಕ್ಷಿಗೇ ಹೋಗ್ಬೇಕು ಅಂತಿಲ್ಲ, ಅವಳ ಮೈಗೋಸ್ಕರ ಹೋಗಿ. ಗರ್ಭ ನಿಂತೇ ಬಿಟ್ಟಿದೆ ಅಂತಾದ್ರೂ ದಾರಿ ಇದೆ, 2021ರ ತಿದ್ದುಪಡಿ ಆದ್ಮೇಲೆ ಅತ್ಯಾಚಾರಕ್ಕೆ ಒಳಗಾದವರಿಗೆ 24 ವಾರದವರೆಗೂ ತೆಗೆಸ್ಕೊಳ್ಳೋಕೆ ಅವಕಾಶ ಇದೆ, ಸರ್ಕಾರ ವಿಪತ್ತು ಅಂತ ಘೋಷಿಸಿದ ಕಡೆ ಇರೋ ಹೆಂಗಸರನ್ನೂ ಅದೇ ಪಟ್ಟಿಗೆ ಸೇರಿಸಿದಾರೆ.

ಎಲ್ಲ ದೂರೂ ಅಪರಿಚಿತರ ಮೇಲೆ ಇರುತ್ತೆ ಅಂದ್ಕೋಬೇಡಿ. ನನ್ನ ಹತ್ರ ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಗಂಡನ ಹೊಡೆತದ ಬಗ್ಗೆ. ಬೆಳೆ ಹೋಯ್ತು, ದನ ಹೋದ್ವು, ಮೊದ್ಲೇ ಇದ್ದ ಕುಡಿತ ಜಾಸ್ತಿಯಾಯ್ತು, ಮೂವತ್ತು ಜನ ಮಲಗಿರೋ ಕ್ಲಾಸ್‌ರೂಮಲ್ಲಿ ಸದ್ದಾಗದ ಹಾಗೆ ಹೊಡೀತಾರೆ. ಅದಕ್ಕೆ ಮನೆಯೊಳಗಿನ ಹಿಂಸೆ ತಡೆಯೋ 2005ರ ಕಾಯ್ದೆ ಇದೆ, ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಓನೇ, ಅಂದ್ರೆ ಅಂಗನವಾಡಿಗಳನ್ನ ನೋಡ್ಕೊಳ್ಳೋ ಅಧಿಕಾರಿನೇ, ಆ ಕಾಯ್ದೆಯ ಸಂರಕ್ಷಣಾಧಿಕಾರಿ. ಹಿಂಸೆಗೆ ಒಳಗಾದ ಹೆಂಗಸರಿಗೆ ಒಂದೇ ಕಡೆ ನೆರವು ಸಿಗ್ಲಿ ಅಂತ ಜಿಲ್ಲೇಲಿ ಸಖಿ ಕೇಂದ್ರ ಇದೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಮತ್ತೆ ದಯವಿಟ್ಟು, ಯಾರಿಗೆ ಹಿಂಗಾಗಿದೆ ಅಂತ ರೂಮ್ ರೂಮಿಗೆ ಹೋಗಿ ಪಟ್ಟಿ ಮಾಡ್ಬೇಡಿ. ಬಂದು ಹೇಳಿದ್ದನ್ನ ವಾಲಂಟಿಯರ್ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಹೆಸರು ಬಿಟ್ಟು ಹಾಕಿದ್ರೂ ಅಷ್ಟೇ, ಒಂದೇ ಊರಿನ ಜನ ಇರೋ ಕಡೆ ‘ಎರಡನೇ ರೂಮು, ಹಸಿರು ಸೀರೆ’ ಅಂದ್ರೆ ಸಾಕು ಗೊತ್ತಾಗೋಕೆ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಹೊರಗೆ ಬಿಟ್ಟೋರಿಗೆ ಎರಡು ವರ್ಷದವರೆಗೆ ಜೈಲು ಇದೆ.

ಇನ್ನೊಂದು ಪ್ರಶ್ನೆ ಇದೆ, ಅದನ್ನ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೇಳಿಲ್ಲ: ಸಾಮಾನು ಹಂಚೋರು ಯಾರು? 2002ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್‌ನ ನಿರಾಶ್ರಿತರ ಶಿಬಿರಗಳಲ್ಲಿ ಪರಿಹಾರ ಹಂಚೋ ಕೆಲಸದಲ್ಲಿದ್ದ ಗಂಡಸರೇ ಆಹಾರಕ್ಕೆ ಬದಲು ಹೆಣ್ಮಕ್ಕಳ ಮೈ ಕೇಳ್ತಿದ್ರು ಅನ್ನೋ ವರದಿ ಹೊರಗೆ ಬಂತು, ಅದಾದ್ಮೇಲೇ ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ಕಟ್ಟುನಿಟ್ಟಿನ ನಿಯಮ ಮಾಡಿದ್ದು. ಅಷ್ಟು ದೂರದ ಮಾತು ನಮಗ್ಯಾಕೆ ಅನ್ಬೇಡಿ. ರಾತ್ರಿ ಒಂಬತ್ತಕ್ಕೆ ಸ್ಟೋರ್ ರೂಮಿನ ಬೀಗದ ಕೈ ಒಬ್ಬನೇ ಗಂಡಸಿನ ಜೇಬಲ್ಲಿದ್ದು, ಪ್ಯಾಡ್ ಬೇಕಾದ ಹುಡುಗಿ ಒಬ್ಬಳೇ ಹೋಗಿ ಅವನ ಹತ್ರ ಕೇಳ್ಬೇಕಾದ್ರೆ ಎಲ್ಲಾದ್ರೂ ಒಂದೇ.

ನಮ್ಮ ಕೇಂದ್ರಗಳಲ್ಲಿ ಈಗ ಹಂಚೋಕೆ ಯಾವಾಗ್ಲೂ ಇಬ್ಬರು, ಅದರಲ್ಲೊಬ್ಬರು ಅದೇ ಊರಿನ ಹೆಂಗಸು. ಬೆಳಗ್ಗೆ ಬಂದ ತಕ್ಷಣ ನಾನು ಮಾಡೋದು ಹೆಂಗಸರ ಟಾಯ್ಲೆಟ್ ಪ್ರತಿಯೊಂದರ ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿ ನೋಡೋದು, ಶಾಲೆ ಟಾಯ್ಲೆಟ್ಟಲ್ವಾ, ಮಕ್ಕಳ ಎತ್ತರಕ್ಕೆ ಬಾಗಿಲು, ಅರ್ಧಕ್ಕರ್ಧ ಚಿಲಕ ಕಿತ್ತಿರುತ್ತೆ. ಬ್ಯಾಗಲ್ಲಿ ನಾಲ್ಕು ಚಿಲಕ, ಸ್ಕ್ರೂಡ್ರೈವರ್, ದಾರಿಗೆ ಹಾಕೋಕೆ ಒಂದೆರಡು ಬಲ್ಬು ಇದ್ದೇ ಇರುತ್ತೆ. ಪ್ಯಾಡ್, ಸೋಪು, ಒಳಬಟ್ಟೆನ ಹೆಂಗಸರು ಮಲಗೋ ರೂಮಿನೊಳಗೇ ಒಂದು ಬಕೆಟ್ಟಲ್ಲಿ ಇಡ್ತೀವಿ, ಬೇಕಾದೋರು ತಾವೇ ತಗೋತಾರೆ, ಯಾರನ್ನೂ ಕೇಳ್ಬೇಕಾಗಿಲ್ಲ, ಯಾರೂ ಲೆಕ್ಕ ಬರೆಯಲ್ಲ. ಸಂಜೆ ಬಕೆಟ್ ಖಾಲಿಯಾಗಿದ್ರೆ ಮತ್ತೆ ತುಂಬ್ತೀವಿ.